ಊರ ತಂಡದ ‘ಸಿಂಡ್ರೆಲಾ’ ನೋಡಲು ಹೊರಟಿದ್ದೀರಾ? ಟಿಕೆಟ್‌ನಿಂದ ಲಾಬಿಯವರೆಗೆ ಪೂರ್ತಿ ಮಾರ್ಗದರ್ಶಿ

ನಾಟಕ ಮುಗಿದು ಲಾಬಿಗೆ ಬಂದಾಗ ನನ್ನ ಏಳು ವರ್ಷದ ಮಗಳು ಥಟ್ಟನೆ ನಿಂತುಬಿಟ್ಟಳು. ಎದುರಿಗೆ ಸಿಂಡ್ರೆಲಾಳ ಮಲತಾಯಿ ನಿಂತಿದ್ದರು. ನೇರಳೆ ಬಣ್ಣದ ಗೌನು, ಎತ್ತರದ ವಿಗ್ಗು, ಚೂಪಾಗಿ ತಿದ್ದಿದ ಹುಬ್ಬು. ಮಗಳು ಒಂದು ಗಳಿಗೆ ದಿಟ್ಟಿಸಿ ನೋಡಿ ನನ್ನ ಕೈ ಜಗ್ಗಿದಳು. “ಅಮ್ಮಾ, ಇವರು ನಮ್ಮ ಲೈಬ್ರರಿ ಆಂಟಿ!” ಹೌದು. ಪ್ರತಿ ಶನಿವಾರ ಅವಳಿಗೆ ಪುಸ್ತಕ ಹುಡುಕಿ ಕೊಡುವವರೇ ಅವರು.

ಅಮೆರಿಕದ ಕಮ್ಯುನಿಟಿ ಥಿಯೇಟರ್ ಅಂದರೆ ಇದು. ನಮ್ಮ ಕಡೆ ಹವ್ಯಾಸಿ ತಂಡ ಅನ್ನುತ್ತೇವಲ್ಲ, ಹಾಗೆ. ಹಗಲು ಕೆಲಸಕ್ಕೆ ಹೋಗುವವರು ಸಂಜೆ ಸೇರಿ ಎರಡು ಮೂರು ತಿಂಗಳು ತಾಲೀಮು ಮಾಡಿ ಆಡುವ ನಾಟಕ. ಸಾಮಾನ್ಯವಾಗಿ ನಟರಿಗೆ ಸಂಬಳ ಇರುವುದಿಲ್ಲ. ಸಣ್ಣ ಸಣ್ಣ ಊರುಗಳಲ್ಲೂ ಇಂಥ ತಂಡಗಳಿವೆ. ಬೋಸ್ಟನ್‌ನ ಜಮೈಕಾ ಪ್ಲೇನ್‌ನಲ್ಲಿರುವ ‘ಫುಟ್‌ಲೈಟ್ ಕ್ಲಬ್’ 1877ರಲ್ಲಿ ಶುರುವಾಗಿ ಇವತ್ತಿಗೂ ನಾಟಕ ಆಡುತ್ತಿದೆ. 1924ರಲ್ಲಿ ಶುರುವಾದ ‘ಒಮಾಹಾ ಕಮ್ಯುನಿಟಿ ಪ್ಲೇಹೌಸ್’ನಲ್ಲೇ ಹಾಲಿವುಡ್ ನಟ ಹೆನ್ರಿ ಫೋಂಡಾ ಮೊದಲು ಬಣ್ಣ ಹಚ್ಚಿದ್ದು. ಅವರನ್ನು ಅಲ್ಲಿಗೆ ಕರೆತಂದದ್ದು ಇನ್ನೊಬ್ಬ ಹಾಲಿವುಡ್ ನಟ ಮರ್ಲನ್ ಬ್ರಾಂಡೋ ಅವರ ತಾಯಿ. ಅವರೂ ಆ ತಂಡದ ನಟಿ.

ಇಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಅನೇಕರು ನ್ಯೂಯಾರ್ಕ್‌ಗೆ ಹೋದಾಗ ಬ್ರಾಡ್‌ವೇಯ ದೊಡ್ಡ ನಾಟಕ ನೋಡುತ್ತಾರೆ. ಮನೆಯಿಂದ ಹತ್ತು ನಿಮಿಷ ದೂರದ ನಾಟಕಕ್ಕೆ ಹೋಗುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ‘ಸಿಂಡ್ರೆಲಾ’ ತೆಗೆದುಕೊಂಡಿದ್ದೇನೆ. ಇಂಥ ತಂಡಗಳು ಮತ್ತೆ ಮತ್ತೆ ಆಡುವ ಕಥೆ ಅದು.

ಮೊದಲು: ಯಾವ ಸಿಂಡ್ರೆಲಾ ಅಂತ ನೋಡಿ

ಪೋಸ್ಟರಿನಲ್ಲಿ ‘ಸಿಂಡ್ರೆಲಾ’ ಅಂತಿದ್ದರೆ ಸಾಲದು. ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ರಾಜರ್ಸ್ ಮತ್ತು ಹ್ಯಾಮರ್‌ಸ್ಟೀನ್ ಹೆಸರು ಇದ್ದರೆ ಅದು ಹಾಡುಗಳ ದೊಡ್ಡ ನಾಟಕ. ‘ಸೌಂಡ್ ಆಫ್ ಮ್ಯೂಸಿಕ್’ ಮಾಡಿದ ಅದೇ ಜೋಡಿ. ಇದನ್ನು ಅವರು ಮೊದಲು ಬರೆದದ್ದು ರಂಗಕ್ಕಲ್ಲ, ಟೀವಿಗೆ. 1957ರ ಮಾರ್ಚ್ 31ರಂದು ಜೂಲಿ ಆಂಡ್ರ್ಯೂಸ್ ಸಿಂಡ್ರೆಲಾ ಆಗಿ ನೇರ ಪ್ರಸಾರದಲ್ಲಿ ಹಾಡಿದರು. ಆ ಒಂದು ರಾತ್ರಿ 10 ಕೋಟಿಗೂ ಹೆಚ್ಚು ಜನ ನೋಡಿದರು ಎಂದು ಲೆಕ್ಕ.

ಈಗ ತಂಡಗಳು ಆಡುವುದು ಮುಖ್ಯವಾಗಿ ಎರಡು ಪಠ್ಯಗಳನ್ನು. ಒಂದು ‘ಎನ್‌ಚಾಂಟೆಡ್ ಎಡಿಷನ್’. ಇದು 1997ರ ಟೀವಿ ಚಿತ್ರವನ್ನು ಆಧರಿಸಿದ್ದು. ಕಥೆ ನಮಗೆ ಗೊತ್ತಿರುವ ಹಾಗೇ ಸಾಗುತ್ತದೆ. ಇನ್ನೊಂದು 2013ರ ಬ್ರಾಡ್‌ವೇ ಪಠ್ಯ. ಇದರಲ್ಲಿ ಕಥೆ ಸಾಕಷ್ಟು ಬದಲಾಗಿದೆ. ಇಬ್ಬರು ಮಲಸೋದರಿಯರಲ್ಲಿ ಒಬ್ಬಳು ಒಳ್ಳೆಯವಳು. ರಾಜಕುಮಾರನಿಗೆ ಟೋಫರ್ ಅಂತ ಹೆಸರು. ಊರಿನ ಬಡವರ ಜಮೀನು ಕಸಿದುಕೊಳ್ಳುವ ವಿಷಯವೂ ಬರುತ್ತದೆ. ಗಾಜಿನ ಚಪ್ಪಲಿಯ ಪ್ರಸಂಗ ಇದರಲ್ಲಿ ತುಂಬಾ ಚೆನ್ನಾಗಿದೆ. ಮೊದಲ ಸಲ ಮೆಟ್ಟಿಲ ಮೇಲೆ ಚಪ್ಪಲಿ ಕಳಚಿದಾಗ ಹುಡುಗಿ ಅದನ್ನು ತಾನೇ ಎತ್ತಿಕೊಂಡು ಓಡುತ್ತಾಳೆ. ಎರಡನೇ ಸಲ ಬೇಕೆಂದೇ ಬಿಟ್ಟು ಹೋಗುತ್ತಾಳೆ. ಹುಡುಗಿ ಕಳೆದುಕೊಳ್ಳುವುದಿಲ್ಲ, ತಾನೇ ಆರಿಸಿಕೊಳ್ಳುತ್ತಾಳೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಬೇಡಿ. ಅವರೇ ಕಂಡುಕೊಳ್ಳಲಿ.

ಬ್ರಾಡ್‌ವೇ ಪಠ್ಯವಾದರೆ ಶುರುವಿನಲ್ಲೇ ರಾಜಕುಮಾರ ದೈತ್ಯನ ಜೊತೆ ಕಾದಾಡುತ್ತಾನೆ. ಸದ್ದು, ಹೊಗೆ ಎಲ್ಲಾ ಇರುತ್ತದೆ. ನಾಲ್ಕು ವರ್ಷದೊಳಗಿನ ಮಗು ಹೆದರಬಹುದು. ಮಧ್ಯಂತರ ಸೇರಿ ಎರಡೂವರೆ ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಕ್ಕಳೇ ಆಡುವ ‘ಯೂತ್ ಎಡಿಷನ್’ ಕೂಡ ಇದೆ. ಅದು ಸುಮಾರು ಒಂದು ಗಂಟೆಯದು. ತೀರಾ ಚಿಕ್ಕ ಮಕ್ಕಳ ಮೊದಲ ನಾಟಕಕ್ಕೆ ಅದೇ ಸರಿ. ಬೇರೆ ನಾಟಕಗಳ ಹೆಸರಿನ ಕೊನೆಯಲ್ಲಿ ‘ಜೂನಿಯರ್’ ಅಂತಿದ್ದರೂ ಇದೇ ಅರ್ಥ.

ಇನ್ನೊಂದು ಎಚ್ಚರಿಕೆ. ‘ಇನ್‌ಟು ದ ವುಡ್ಸ್’ ಎಂಬ 1987ರ ನಾಟಕದಲ್ಲೂ ಸಿಂಡ್ರೆಲಾ ಇದ್ದಾಳೆ. ಪೋಸ್ಟರ್ ನೋಡಿದರೆ ಮಕ್ಕಳ ನಾಟಕದ ಹಾಗೇ ಕಾಣುತ್ತದೆ. ಅದರ ಮೊದಲ ಅಂಕ ಮುಗಿದಾಗ ಎಲ್ಲರೂ ಸುಖವಾಗಿರುತ್ತಾರೆ. ಎರಡನೇ ಅಂಕದಲ್ಲಿ ಸಾವು, ಮೋಸ, ತಬ್ಬಲಿತನ. ಅದ್ಭುತವಾದ ನಾಟಕ ಅದು, ಆದರೆ ದೊಡ್ಡವರಿಗೆ. ಅದರ ಜೂನಿಯರ್ ಪಠ್ಯದಲ್ಲಿ ಮೊದಲ ಅಂಕ ಮಾತ್ರ ಇಟ್ಟಿದ್ದಾರೆ.

ಟಿಕೆಟ್ ಮತ್ತು ಸೀಟು

ಊರ ತಂಡಗಳ ಆಟ ಸಾಮಾನ್ಯವಾಗಿ ಎರಡು ಮೂರು ವಾರಾಂತ್ಯ ನಡೆಯುತ್ತದೆ. ಶುಕ್ರವಾರ, ಶನಿವಾರ ಸಂಜೆ. ಭಾನುವಾರ ಮಧ್ಯಾಹ್ನ. ಮಕ್ಕಳಿದ್ದರೆ ಮಧ್ಯಾಹ್ನದ ಆಟಕ್ಕೇ ಹೋಗಿ. ಇದನ್ನು ಮ್ಯಾಟಿನಿ ಅನ್ನುತ್ತಾರೆ. ಸಂಜೆ ಆಟ ಮುಗಿಯುವಾಗ ಹತ್ತಾಗುತ್ತದೆ, ಅಷ್ಟು ಹೊತ್ತು ಮಗು ಎಚ್ಚರ ಇರುವುದು ಕಷ್ಟ. ಮೊದಲ ವಾರಕ್ಕಿಂತ ಎರಡನೇ ವಾರದ ಆಟ ಹೆಚ್ಚು ಪಳಗಿರುತ್ತದೆ. ಕೊನೆಯ ಆಟದಲ್ಲಿ ಎಲ್ಲರ ಕಣ್ಣಲ್ಲೂ ನೀರಿರುತ್ತದೆ. ನನಗೆ ಎರಡನೇ ವಾರದ್ದೇ ಇಷ್ಟ.

ಟಿಕೆಟ್ ತೆಗೆಯುವಾಗ ಎರಡು ಮಾತು ಕಾಣುತ್ತವೆ. ‘ರಿಸರ್ವ್ಡ್ ಸೀಟಿಂಗ್’ ಅಂದರೆ ಸೀಟಿನ ನಂಬರು ನಿಮ್ಮದು. ‘ಜನರಲ್ ಅಡ್ಮಿಷನ್’ ಅಂದರೆ ಮೊದಲು ಬಂದವರಿಗೆ ಒಳ್ಳೆಯ ಜಾಗ. ಎರಡನೆಯದಾದರೆ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಿ. ಸಾಮಾನ್ಯವಾಗಿ ಆಟಕ್ಕೆ ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ‘ವಿಲ್ ಕಾಲ್’ ಅಂತಿದ್ದರೆ ಕೌಂಟರಿನಲ್ಲಿ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳಬೇಕು. ನಮ್ಮ ಉದ್ದದ ಹೆಸರುಗಳನ್ನು ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಫೋನಿನಲ್ಲಿ ಈಮೇಲ್ ತೆರೆದಿಟ್ಟುಕೊಂಡರೆ ಬೇಗ ಆಗುತ್ತದೆ.

ಎಲ್ಲರೂ ಮೊದಲ ಸಾಲೇ ಬೇಕು ಅಂತಾರೆ. ಬೇಡ. ರಾಜನ ಅರಮನೆಯ ನೃತ್ಯದಲ್ಲಿ ಇಪ್ಪತ್ತು ಜನ ಒಟ್ಟಿಗೆ ಸುತ್ತುತ್ತಾರೆ. ಹತ್ತಿರ ಕೂತರೆ ಬರೀ ಗೌನಿನ ಅಂಚು ಕಾಣುತ್ತದೆ. ಐದರಿಂದ ಎಂಟನೇ ಸಾಲು, ಮಧ್ಯದಲ್ಲಿ. ಅಲ್ಲಿಂದ ನೃತ್ಯದ ಸುತ್ತುಗಳು ಕಾಣುತ್ತವೆ, ಮುಖವೂ ಕಾಣುತ್ತದೆ. ತೀರಾ ಪಕ್ಕದ ಸೀಟಿನಿಂದ ಅರಮನೆಯ ಮೆಟ್ಟಿಲು ಮರೆಯಾಗಬಹುದು, ಚಪ್ಪಲಿ ಬೀಳುವುದೇ ಆ ಮೆಟ್ಟಿಲ ಮೇಲೆ. ಚಿಕ್ಕ ಮಗು ಇದ್ದರೆ ಮಾತ್ರ ನಡುದಾರಿಯ ಪಕ್ಕ ಕೂರಿ. ಎದ್ದು ಹೋಗಬೇಕಾದರೆ ಹತ್ತು ಮೊಣಕಾಲು ದಾಟಬೇಕಾಗಿಲ್ಲ. ಮಕ್ಕಳಿಗೆ ಎತ್ತರಕ್ಕೆ ಕುಶನ್ ಇದೆಯಾ ಅಂತ ಬಾಗಿಲಲ್ಲಿ ಕೇಳಿ.

ಸದ್ದು, ಕತ್ತಲು ತಡೆಯದ ಮಗು ಇದ್ದರೆ ‘ಸೆನ್ಸರಿ ಫ್ರೆಂಡ್ಲಿ’ ಆಟ ಇದೆಯಾ ವಿಚಾರಿಸಿ. ಆ ದಿನ ದೀಪ ಪೂರ್ತಿ ಆರಿಸುವುದಿಲ್ಲ. ಸದ್ದು ಕಡಿಮೆ ಇಟ್ಟಿರುತ್ತಾರೆ. ಮಕ್ಕಳು ಎದ್ದು ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ.

ಮನೆಯಲ್ಲಿ ತಯಾರಿ: ಕಥೆ ಹೇಳಿ, ನಮ್ಮ ಕಥೆಯನ್ನೂ ಹೇಳಿ

ಇದು ನನಗೆ ತುಂಬಾ ಮುಖ್ಯವಾದ ಭಾಗ. ನಾಟಕಕ್ಕೆ ಒಂದು ವಾರ ಮುಂಚೆ ರಾತ್ರಿ ಮಲಗುವಾಗ ಕಥೆ ಹೇಳಲು ಶುರು ಮಾಡಿ. ಸಿಂಡ್ರೆಲಾ ಒಬ್ಬಳೇ ಅಲ್ಲ, ಹಲವರಿದ್ದಾರೆ ಅನ್ನುವುದು ಮಕ್ಕಳಿಗೆ ಗೊತ್ತಾಗಲಿ. ಕುಂಬಳಕಾಯಿ ಸಾರೋಟು, ಗಾಜಿನ ಚಪ್ಪಲಿ, ಹರಸುವ ಯಕ್ಷಿಣಿ, ಈ ಮೂರೂ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಬರೆದ ಕಥೆಯಿಂದ ಬಂದವು. ಜರ್ಮನಿಯ ಗ್ರಿಮ್ ಸೋದರರ ಕಥೆಯಲ್ಲಿ ಯಕ್ಷಿಣಿಯೇ ಇಲ್ಲ. ತಾಯಿಯ ಸಮಾಧಿಯ ಮೇಲೆ ಬೆಳೆದ ಮರ ಮತ್ತು ಅದರ ಮೇಲೆ ಕೂರುವ ಹಕ್ಕಿ ಹುಡುಗಿಗೆ ಬಟ್ಟೆ ಕೊಡುತ್ತವೆ.

ಆಮೇಲೆ ನಮ್ಮ ಹಂಚಿಯ ಕಥೆ ಹೇಳಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆ ಇದು. ಹೊನ್ನಿನ ಬಣ್ಣದ ಕೂದಲಿನ ಹುಡುಗಿ. ಮನೆಯಲ್ಲಿ ಅವಳಿಗೆ ಅಪಾಯ ಬಂದಾಗ ತಾಯಿ ಮಣ್ಣಿನ ಮುಖವಾಡ ಮಾಡಿಸಿ ತೊಡಿಸಿ ದೂರ ಕಳಿಸುತ್ತಾಳೆ. ಹಂಚಿನ ಮುಖದವಳು, ಹಾಗಾಗಿ ಹಂಚಿ. ಸಾಹುಕಾರರ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರುತ್ತಾಳೆ. ಒಂದು ದಿನ ಮುಖವಾಡ ತೆಗೆದು ಕೂದಲು ತೊಳೆಯುವಾಗ ಆ ಮನೆಯ ಮಗ ನೋಡಿಬಿಡುತ್ತಾನೆ. ಅವಳನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿಯುತ್ತಾನೆ. ಇಲ್ಲಿ ಚಪ್ಪಲಿ ಇಲ್ಲ, ಮುಖವಾಡ ಇದೆ. ಮಲತಾಯಿ ಇಲ್ಲ, ಕಾಪಾಡುವ ಹೆತ್ತತಾಯಿ ಇದ್ದಾಳೆ.

ಇದನ್ನು ಕೇಳಿದ ಮೇಲೆ ಮಗಳು ನಾಟಕ ನೋಡಿದ ರೀತಿಯೇ ಬೇರೆಯಾಯಿತು. ಮಧ್ಯಂತರದಲ್ಲಿ ಕೇಳಿದಳು, “ಹಂಚಿ ಆದರೆ ಮುಖ ಮುಚ್ಚಿಕೊಂಡಳು. ಇವಳು ಯಾಕೆ ಬಟ್ಟೆ ಬದಲಾಯಿಸಿದಳು?” ಆರು ತಿಂಗಳಾದರೂ ನಾವಿಬ್ಬರೂ ಅದರ ಬಗ್ಗೆ ಮಾತಾಡುತ್ತಿದ್ದೇವೆ.

ಇನ್ನೊಂದು ಮಾತು. ನಮ್ಮ ಮಕ್ಕಳಲ್ಲಿ ಕೆಲವರು “ನಾನು ಸಿಂಡ್ರೆಲಾ ಥರ ಇಲ್ಲ” ಅನ್ನುತ್ತಾರೆ. ಬಣ್ಣದ ವಿಷಯ. ಅವರಿಗೆ 1997ರ ಚಿತ್ರ ತೋರಿಸಿ. ಸಿಂಡ್ರೆಲಾ ಆಗಿದ್ದು ಬ್ರ್ಯಾಂಡಿ, ಯಕ್ಷಿಣಿಯಾಗಿ ವಿಟ್ನಿ ಹ್ಯೂಸ್ಟನ್, ಇಬ್ಬರೂ ಕಪ್ಪು ಕಲಾವಿದೆಯರು. ರಾಜಕುಮಾರ ಫಿಲಿಪೀನ್ಸ್ ಮೂಲದವರು. ರಾಜ ಬಿಳಿಯ, ರಾಣಿ ಕಪ್ಪು. ಯಾಕೆ ಹೀಗೆ ಅಂತ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ನಾವು ನೋಡಿದ ಆಟದಲ್ಲೂ ಒಬ್ಬ ಮಲಸೋದರಿ ನಮ್ಮ ದೇಶದ ಹುಡುಗಿಯೇ ಆಗಿದ್ದಳು.

ಹೊರಡುವ ದಿನ

ಊಟ ಮಾಡಿಯೇ ಹೊರಡಿ. ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಚಕ್ಕುಲಿಯ ಕಟಕಟ ಸದ್ದು ಇಡೀ ಸಾಲಿಗೆ ಕೇಳುತ್ತದೆ. ಬಟ್ಟೆಗೆ ನಿಯಮ ಏನಿಲ್ಲ. ಪುಟ್ಟ ಹುಡುಗಿಯರು ರಾಜಕುಮಾರಿಯ ಗೌನು ಹಾಕಿಕೊಂಡೇ ಬರುತ್ತಾರೆ. ಲಂಗ ಹಾಕಿಸಿದರೂ ಚೆಂದ. ಕಿರೀಟ ಎತ್ತರ ಇದ್ದರೆ ಸೀಟಿನಲ್ಲಿ ಕೂತಾಗ ತೆಗೆಸಿ, ಹಿಂದಿನ ಮಗುವಿಗೆ ಕಾಣಬೇಕಲ್ವಾ? ಶಾಲು, ಸ್ವೆಟರ್ ಮರೆಯಬೇಡಿ, ಒಳಗೆ ಏಸಿ ಜಾಸ್ತಿ ಇರುತ್ತದೆ.

ಹೊತ್ತಿಗೆ ಮುಂಚೆ ತಲುಪಿ. ನಮ್ಮ ಮೊದಲ ನಾಟಕಕ್ಕೆ ನಾವು ಎಂಟು ನಿಮಿಷ ತಡವಾಗಿ ಹೋದೆವು. ಹಿಮ ಬಿದ್ದಿತ್ತು, ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಬಾಗಿಲು ಮುಚ್ಚಿತ್ತು. ಹಾಡು ಮುಗಿಯುವವರೆಗೆ ಹೊರಗೇ ನಿಂತೆವು. ಒಳಗಿನಿಂದ ಸಂಗೀತ ಕೇಳುತ್ತಿತ್ತು, ಮಗಳು ಅಳುತ್ತಿದ್ದಳು. ಸಿನಿಮಾ ಹಾಗಲ್ಲ ಇದು. ಎದುರಿಗೆ ನಿಜವಾದ ಮನುಷ್ಯರು ಹಾಡುತ್ತಿರುತ್ತಾರೆ. ಬಾಗಿಲು ತೆರೆದಾಗ ಬೀಳುವ ಬೆಳಕು ಅವರ ಕಣ್ಣಿಗೆ ಹೊಡೆಯುತ್ತದೆ. ಈಗ ನಾವು ನಲವತ್ತು ನಿಮಿಷ ಮುಂಚೆಯೇ ಹೋಗುತ್ತೇವೆ.

ಕೈಯಲ್ಲಿ ಸ್ವಲ್ಪ ನಗದು ಇರಲಿ. ಲಾಬಿಯಲ್ಲಿ ಮಕ್ಕಳ ಅಪ್ಪ ಅಮ್ಮಂದಿರು ಕುಕೀಸ್, ನೀರು, ಹೂಗುಚ್ಛ ಮಾರುತ್ತಾರೆ. ಆ ದುಡ್ಡೇ ಮುಂದಿನ ನಾಟಕದ ಬಟ್ಟೆಗೆ, ಮರಕ್ಕೆ, ಬಣ್ಣಕ್ಕೆ ಹೋಗುವುದು. ‘ಫಿಫ್ಟಿ ಫಿಫ್ಟಿ’ ಚೀಟಿಯೂ ಇರುತ್ತದೆ. ಬಂದ ದುಡ್ಡಿನಲ್ಲಿ ಅರ್ಧ ಗೆದ್ದವರಿಗೆ, ಅರ್ಧ ತಂಡಕ್ಕೆ.

ಸೀಟಿನಲ್ಲಿ ಕೂತ ಮೇಲೆ ನಾಟಕದ ಕೈಪಿಡಿ (ಪ್ರೋಗ್ರಾಂ) ಓದಿ. ಯಾರು ಯಾವ ಪಾತ್ರ, ಹಗಲು ಏನು ಕೆಲಸ, ಎಷ್ಟನೇ ನಾಟಕ ಅಂತ ಬರೆದಿರುತ್ತಾರೆ. ರಾಜ ಯಾರದೋ ಹಲ್ಲಿನ ಡಾಕ್ಟರು. ಕುದುರೆಯಾಗುವ ಇಲಿ ಐದನೇ ಕ್ಲಾಸಿನ ಹುಡುಗ. ಒಂದು ಕಾಗದದ ಚೂರು ಬಿದ್ದರೆ ಅದನ್ನೂ ನೋಡಿ, ಇವತ್ತು ಬದಲಿ ನಟ ಯಾರು ಅಂತ ಅದರಲ್ಲಿರುತ್ತದೆ.

ಊರಿಂದ ಹಿರಿಯರು ಬಂದಿದ್ದರೆ

ಖಂಡಿತ ಕರೆದುಕೊಂಡು ಹೋಗಿ. “ಇಂಗ್ಲಿಷ್ ಹಾಡು, ಅವರಿಗೇನು ತಿಳಿಯುತ್ತೆ” ಅಂತ ಸುಮ್ನೆ ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮ ಅತ್ತೆ ಗದಗಿನವರು. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಕಂಪನಿ ನಾಟಕಗಳನ್ನು ರಾತ್ರಿಯಿಡೀ ನೋಡಿದವರು. ಒಳಗೆ ಹೋಗಿ ಕೂತ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ, “ಪೇಟಿ ಮಾಸ್ತರ್ ಎಲ್ಲಿ ಕುಂತಾರವ್ವಾ?” ನಾನು ರಂಗದ ಮುಂದಿನ ತಗ್ಗಿನಲ್ಲಿ ಕೂತಿದ್ದ ವಾದ್ಯಗಾರರನ್ನು ತೋರಿಸಿದೆ. ಅವರಿಗೆ ಸಮಾಧಾನವಾಯಿತು. ನಾಟಕ ಹೇಗೆ ನಡೆಯುತ್ತದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಹಾಡು ಬರುವ ಮುಂಚೆ ಮಾತಿನ ಲಯ ಬದಲಾಗುತ್ತದೆ. ದೊಡ್ಡ ದೃಶ್ಯ ಕಟ್ಟುವಾಗ ಪರದೆಯ ಮುಂದೆ ಇಬ್ಬರು ಬಂದು ನಗಿಸುತ್ತಾರೆ. ಗುಬ್ಬಿ ಕಂಪನಿಯ ಕಾಲದಿಂದ ನಮ್ಮವರು ಮಾಡಿಕೊಂಡು ಬಂದದ್ದೇ ಇದು.

ಒಂದು ವ್ಯತ್ಯಾಸ ಮಾತ್ರ ಮೊದಲೇ ಹೇಳಿಡಿ. ಇಲ್ಲಿ ‘ಒನ್ಸ್ ಮೋರ್’ ಇಲ್ಲ. ಹಾಡು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹಾಡುವುದಿಲ್ಲ. ಬದಲಿಗೆ ಚಪ್ಪಾಳೆಯನ್ನು ಉದ್ದ ಮಾಡಬಹುದು. ಅತ್ತೆ ಹಾಗೇ ಮಾಡಿದರು. ಯಕ್ಷಿಣಿಯ ಹಾಡು ಮುಗಿದಾಗ ಎಲ್ಲರ ಚಪ್ಪಾಳೆ ನಿಂತ ಮೇಲೂ ಅವರದು ನಡೆಯುತ್ತಿತ್ತು.

ಕಿವಿ ಸ್ವಲ್ಪ ಮಂದ ಇರುವವರಿಗೆ ಹೆಡ್‌ಫೋನ್ ಸಿಗುತ್ತದಾ ಅಂತ ಬಾಗಿಲಲ್ಲಿ ಕೇಳಿ. ಮೆಟ್ಟಿಲು ಹತ್ತಲಾಗದಿದ್ದರೆ ಟಿಕೆಟ್ ತೆಗೆಯುವಾಗಲೇ ತಿಳಿಸಿ. ಆಟದ ಮಧ್ಯೆ ಅನುವಾದ ಮಾಡಿ ಪಿಸುಗುಟ್ಟಬೇಡಿ. ಕಥೆ ಕಾರಿನಲ್ಲೇ ಹೇಳಿ ಮುಗಿಸಿ.

ಆಟ ನಡೆಯುವಾಗ

ಫೋನು ಆರಿಸಿ. ಬರೀ ಸದ್ದು ನಿಲ್ಲಿಸಿದರೆ ಸಾಲದು, ಪರದೆಯ ಬೆಳಕು ಕತ್ತಲಲ್ಲಿ ಎದ್ದು ಕಾಣುತ್ತದೆ. ವಿಡಿಯೋ, ಫೋಟೋ ಬೇಡವೇ ಬೇಡ. ಇದು ಬರೀ ಶಿಸ್ತಿನ ಮಾತಲ್ಲ. ತಂಡದವರು ಈ ನಾಟಕ ಆಡಲು ‘ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್’ ಎಂಬ ಸಂಸ್ಥೆಗೆ ಗೌರವಧನ ಕಟ್ಟಿ ಅನುಮತಿ ಪಡೆದಿರುತ್ತಾರೆ. ರೆಕಾರ್ಡ್ ಮಾಡಲು ಆ ಅನುಮತಿಯಲ್ಲಿ ಅವಕಾಶ ಇರುವುದಿಲ್ಲ. ನಿಮ್ಮ ಮಗುವೇ ಇಲಿ ಪಾತ್ರ ಮಾಡುತ್ತಿದ್ದರೂ ಇದೇ ನಿಯಮ.

ಹಾಡು ಮುಗಿದಾಗ ಚಪ್ಪಾಳೆ ತಟ್ಟಿ. ನಗು ಬಂದರೆ ಜೋರಾಗಿ ನಗಿ. ನಟರಿಗೆ ಅದು ಬೇಕು. ಜೊತೆಗೆ ಹಾಡುವುದು ಮಾತ್ರ ಬೇಡ. ಮಗು ಅತ್ತರೆ ಗಾಬರಿಯಾಗದೆ ಎತ್ತಿಕೊಂಡು ಹೊರಗೆ ಹೋಗಿ, ಸುಮ್ಮನಾದ ಮೇಲೆ ಬಾಗಿಲಲ್ಲಿರುವವರು ಒಳಗೆ ಬಿಡುತ್ತಾರೆ.

ಈಗ ಆ ಗಳಿಗೆಯ ಬಗ್ಗೆ. ಹರಕು ಬಟ್ಟೆ ಬಿಳಿ ಗೌನಾಗುವ ಗಳಿಗೆ. ಅದಕ್ಕಾಗಿಯೇ ಅರ್ಧ ಜನ ಬಂದಿರುತ್ತಾರೆ. 2013ರಲ್ಲಿ ಬ್ರಾಡ್‌ವೇಯಲ್ಲಿ ವಿಲಿಯಂ ಐವಿ ಲಾಂಗ್ ಹೊಲಿಸಿದ ಉಡುಪು ಎಲ್ಲರ ಕಣ್ಣೆದುರೇ ಬದಲಾಗುತ್ತಿತ್ತು. ಹುಡುಗಿ ಒಂದು ಸುತ್ತು ತಿರುಗುವಷ್ಟರಲ್ಲಿ ಗೌನು. ಆ ವರ್ಷದ ವಸ್ತ್ರವಿನ್ಯಾಸದ ಟೋನಿ ಪ್ರಶಸ್ತಿ ಅವರಿಗೇ ಬಂತು. ಊರ ತಂಡಕ್ಕೆ ಅಷ್ಟು ದುಡ್ಡಿಲ್ಲ, ಆದರೆ ಉಪಾಯ ಇದೆ. ಕೆಲವರು ಗೌನಿನ ಮೇಲೆ ಹರಕು ಬಟ್ಟೆಯನ್ನು ಅಂಟುಪಟ್ಟಿಯಲ್ಲಿ ನಿಲ್ಲಿಸಿ ಒಂದೇ ಎಳೆತಕ್ಕೆ ಕಳಚುತ್ತಾರೆ. ಕೆಲವರು ಕುಣಿಯುವವರನ್ನು ಸುತ್ತ ನಿಲ್ಲಿಸಿ ಮರೆ ಮಾಡುತ್ತಾರೆ. ಇನ್ನು ಕೆಲವರು ಅದೇ ಎತ್ತರದ ಇನ್ನೊಬ್ಬ ಹುಡುಗಿಯನ್ನು ಬೆನ್ನು ತಿರುಗಿಸಿ ಓಡಾಡಿಸುತ್ತಾರೆ, ಅಷ್ಟರಲ್ಲಿ ನಿಜವಾದ ಸಿಂಡ್ರೆಲಾ ಪಕ್ಕದಲ್ಲಿ ಬಟ್ಟೆ ಬದಲಾಯಿಸಿಕೊಂಡಿರುತ್ತಾಳೆ.

ಮೊದಲ ಸಲ ಇದನ್ನು ಹುಡುಕಲು ಹೋಗಬೇಡಿ. ಮಾಯೆ ಮಾಯೆಯಾಗಿಯೇ ಇರಲಿ. ಆಟ ಮುಗಿದ ಮೇಲೆ ಮಗುವಿಗೆ ಕೇಳಿ, “ಹೇಗೆ ಮಾಡಿರಬಹುದು?” ನನ್ನ ಮಗಳು ಮನೆಯಲ್ಲಿ ನನ್ನ ಎರಡು ದುಪಟ್ಟಾ, ಬಟ್ಟೆ ಒಣಗಿಸುವ ಕ್ಲಿಪ್ಪು ಇಟ್ಟುಕೊಂಡು ಒಂದು ಭಾನುವಾರ ಪೂರ್ತಿ ಪ್ರಯತ್ನಿಸಿದಳು. ಸಂಜೆಗೆ ಮಾಡಿಯೂ ತೋರಿಸಿದಳು.

ಮಧ್ಯಂತರ ಹದಿನೈದು ನಿಮಿಷ. ಶೌಚಾಲಯದ ಸಾಲು ಉದ್ದ, ದೀಪ ಹತ್ತಿದ ಕೂಡಲೇ ಏಳಿ.

ತಪ್ಪುಗಳು ಆಗುತ್ತವೆ. ಮೈಕು ಕೈಕೊಡುತ್ತದೆ. ಕುಂಬಳಕಾಯಿ ಗಾಡಿಯ ಚಕ್ರ ಸಿಕ್ಕಿಕೊಳ್ಳುತ್ತದೆ. ನಾವು ನೋಡಿದ ದಿನ ರಾಜಕುಮಾರ ಮಾತು ಮರೆತ. ಸಿಂಡ್ರೆಲಾ ಅವನ ಕೈ ಹಿಡಿದು, ಅವನ ಮಾತನ್ನು ಪ್ರಶ್ನೆ ಮಾಡಿ ತಾನೇ ಕೇಳಿದಳು. ಅವನು “ಹೌದು” ಅಂದ. ನಾಟಕ ಮುಂದೆ ಸಾಗಿತು. ಒಬ್ಬರು ಬೀಳುವಾಗ ಇನ್ನೊಬ್ಬರು ಹಿಡಿಯುವುದನ್ನು ಮಕ್ಕಳು ಅಷ್ಟು ಹತ್ತಿರದಿಂದ ಬೇರೆಲ್ಲಿ ನೋಡುತ್ತಾರೆ? ಇಂಥ ಹೊತ್ತಲ್ಲಿ ಚಪ್ಪಾಳೆ ಜೋರಾಗಿರಲಿ.

ಆಟ ಮುಗಿದ ಮೇಲೆ

ಎಲ್ಲರೂ ಸಾಲಾಗಿ ಬಂದು ವಂದಿಸುವಾಗ ಎದ್ದು ಹೋಗಬೇಡಿ. ಪಾರ್ಕಿಂಗ್‌ನಿಂದ ಐದು ನಿಮಿಷ ತಡವಾಗಿ ಹೊರಟರೆ ಏನೂ ಆಗುವುದಿಲ್ಲ. ಕೊನೆಯಲ್ಲಿ ನಟರು ವಾದ್ಯಗಾರರ ಕಡೆಗೂ, ಹಿಂದೆ ಮೇಲಿರುವ ದೀಪದವರ ಕಡೆಗೂ ಕೈ ತೋರಿಸುತ್ತಾರೆ. ಅವರಿಗೂ ಚಪ್ಪಾಳೆ ತಟ್ಟಿಸಿ.

ಲಾಬಿಯಲ್ಲಿ ನಟರು ವೇಷದಲ್ಲೇ ನಿಂತಿರುತ್ತಾರೆ. ಈಗ ಫೋಟೋ ತೆಗೆಯಬಹುದು, ಕೇಳಿ ತೆಗೆಯಿರಿ. ಎಲ್ಲಾ ಮಕ್ಕಳೂ ಸಿಂಡ್ರೆಲಾ ಮುಂದೆ ಸಾಲು ನಿಲ್ಲುತ್ತಾರೆ. ಆ ಸಾಲು ಬಿಟ್ಟು ಇಲಿಯಾದ ಹುಡುಗನ ಹತ್ತಿರ ಹೋಗಿ. ಅವನ ಕೈಗೂ ಒಂದು ಹೂವು ಕೊಡಿಸಿ. “ಚೆನ್ನಾಗಿತ್ತು” ಅಂದರೆ ಸಾಲದು, ಏನು ಚೆನ್ನಾಗಿತ್ತು ಅಂತ ಹೇಳಿ. “ನೀನು ಚೀಸ್ ಮೂಸಿದ್ದು ನೋಡಿ ನಗು ಬಂತು” ಅಂತ ನನ್ನ ಮಗಳು ಹೇಳಿದಾಗ ಆ ಹುಡುಗ ಮತ್ತೊಮ್ಮೆ ಮೂಸಿ ತೋರಿಸಿದ. ಸಿಂಡ್ರೆಲಾಳ ಜೊತೆ ತೆಗೆದ ಫೋಟೋಗಿಂತ ನಮಗೆ ಈಗ ನೆನಪಿರುವುದು ಅದೇ.

ಮುಂದಿನ ನಾಟಕಕ್ಕೆ ಜನ ಬೇಕು ಅಂತ ಲಾಬಿಯಲ್ಲಿ ಒಂದು ಹಾಳೆ ಇಟ್ಟಿರುತ್ತಾರೆ. ಹೆಸರು ಬರೆಯಿರಿ. ಹಾಡಲು ಬರಬೇಕಾಗಿಲ್ಲ. ಹೊಲಿಗೆ, ಬಡಗಿ ಕೆಲಸ, ಬಾಗಿಲಲ್ಲಿ ಸೀಟು ತೋರಿಸುವುದು, ಏನಾದರೂ ಸರಿ. ಬಾಗಿಲಲ್ಲಿ ನಿಂತವರಿಗೆ ಬಹಳ ಕಡೆ ಆಟ ಉಚಿತ. ಕೊನೆಯ ಆಟ ಮುಗಿದ ತಕ್ಷಣ ಸೆಟ್ ಬಿಚ್ಚುತ್ತಾರೆ. ಅದಕ್ಕೆ ‘ಸ್ಟ್ರೈಕ್’ ಅಂತ ಹೆಸರು. ಆ ದಿನ ಎಷ್ಟು ಕೈ ಇದ್ದರೂ ಕಡಿಮೆಯೇ. ನಾನು ಹೋಗಿದ್ದೆ. ಮಲತಾಯಿಯ ಜೊತೆ ಸೇರಿ ಅರಮನೆಯ ಮೆಟ್ಟಿಲಿನ ಸ್ಕ್ರೂ ಬಿಚ್ಚಿದೆ. ಹೋಗುವುದಾದರೆ ದಪ್ಪ ಅಡಿಯ ಶೂ ಹಾಕಿಕೊಳ್ಳಿ, ನೆಲದ ತುಂಬಾ ಮೊಳೆ ಬಿದ್ದಿರುತ್ತವೆ. ಒಂದು ಜೊತೆ ಕೈಗವಸು ಇಟ್ಟುಕೊಳ್ಳಿ.